ಛತ್ರದ ಕೆಲಸದ ನಡುವೆ ನಿಮ್ಮ ಸ್ವಂತ ಫೋಟೋಗೂ ಒಂದು ತಾರೀಖು

ಚಿಕ್ಕಮಗಳೂರಿನ ನನ್ನ ಸ್ಟುಡಿಯೋದಲ್ಲಿ ಆರ್ಡರ್ ಬರೆಯೋಕೆ ಒಂದು ದಪ್ಪ ಡೈರಿ ಇದೆ. ಮದುವೆ, ಗೃಹಪ್ರವೇಶ, ನಾಮಕರಣ, ಹೋಂಸ್ಟೇ ಶೂಟ್ ಎಲ್ಲವೂ ಅದರಲ್ಲೇ. ಮೊದಲ ಹತ್ತು ವರ್ಷ ಆ ಡೈರಿಯಲ್ಲಿ ನನ್ನ ಸ್ವಂತ ಫೋಟೋಗೆ ಅಂತ ಒಂದು ಸಾಲೂ ಇರಲಿಲ್ಲ. ಬಿಡುವಾದಾಗ ತೆಗೆದರಾಯ್ತು ಅಂದುಕೊಂಡಿದ್ದೆ. ಬಿಡುವೇನೋ ಆಗುತ್ತಿತ್ತು. ಆಗ ನಿದ್ದೆ ಮಾಡುತ್ತಿದ್ದೆ, ಇಲ್ಲ ಬಾಕಿ ಬಿದ್ದ ಆಲ್ಬಂ ಮುಂದೆ ಕೂರುತ್ತಿದ್ದೆ.

ಇದು ನನ್ನಂಥವರಿಗೆ ಬರೆದದ್ದು. ಚಿಕ್ಕಮಗಳೂರು, ಹಾಸನ, ಕಡೂರು, ಸಕಲೇಶಪುರ, ಅರಸೀಕೆರೆ ಕಡೆ ಕ್ಯಾಮೆರಾದಿಂದಲೇ ಮನೆ ನಡೆಸುವವರಿಗೆ. ಹವ್ಯಾಸಕ್ಕೆ ಫೋಟೋ ತೆಗೆಯುವವರ ಕಷ್ಟ ಬೇರೆ, ನಮ್ಮದು ಬೇರೆ. ವಾರವಿಡೀ ಮದುವೆಮನೆಗಳಲ್ಲಿ ಅಡುಗೆ ಮಾಡಿದ ಭಟ್ಟರಿಗೆ ಮನೆಗೆ ಬಂದು ಮತ್ತೆ ಒಲೆ ಹಚ್ಚೋಕೆ ಮನಸ್ಸು ಬರುತ್ತಾ? ನಮಗೆ ಕ್ಯಾಮೆರಾನೂ ಹಾಗೇ. ಎರಡು ದಿನದ ಮದುವೆ ಮುಗಿಸಿ ಬಂದಾಗ ಅದನ್ನು ಕಂಡರೇ ಆಗಲ್ಲ. ಹಾಗಾಗಿ ಹುಮ್ಮಸ್ಸನ್ನು ನಂಬಿಕೊಂಡು ಕೂತರೆ ಕೆಲಸ ಕೆಟ್ಟಿತು. ಹುಮ್ಮಸ್ಸು ಇಲ್ಲದ ದಿನವೂ ನಡೆಯುವಂಥ ಒಂದು ಏರ್ಪಾಡು ಬೇಕು. ನಾನು ಬಿದ್ದು ಎದ್ದು ಮಾಡಿಕೊಂಡದ್ದು ಇದು.

ಮೊದಲು, ಎಷ್ಟಾದರೆ ಸಾಕು ಅಂತ ಲೆಕ್ಕ ಹಾಕಿ

ಒಂದು ಹಾಳೆ ತಗೊಳ್ಳಿ. ತಿಂಗಳ ಮನೆ ಖರ್ಚು, ಸ್ಟುಡಿಯೋ ಬಾಡಿಗೆ, ಕ್ಯಾಮೆರಾ ಸಾಲದ ಕಂತು ಬರೆಯಿರಿ. ಮನೆಗೆ ₹35,000, ಬಾಡಿಗೆ ಮತ್ತು ಕರೆಂಟಿಗೆ ₹8,000, ಕಂತಿಗೆ ₹12,000 ಅಂತಿಟ್ಟುಕೊಳ್ಳಿ. ತಿಂಗಳಿಗೆ ₹55,000 ಆಯ್ತು, ವರ್ಷಕ್ಕೆ ₹6,60,000. ಈಗ ಒಂದು ಆರ್ಡರಿನಿಂದ ನಿಜವಾಗಿ ಕೈಗೆ ಉಳಿಯೋದು ಎಷ್ಟು ನೋಡಿ. ಪಾರ್ಟಿ ಕೊಡುವ ಒಟ್ಟು ದುಡ್ಡಲ್ಲ. ವಿಡಿಯೋದವರ ಕೂಲಿ, ಅಸಿಸ್ಟೆಂಟ್ ಹುಡುಗ, ಆಲ್ಬಂ ಪ್ರಿಂಟ್, ಪೆಟ್ರೋಲ್ ಎಲ್ಲ ಕಳೆದ ಮೇಲೆ ಉಳಿಯೋದು. ಅದು ಸರಾಸರಿ ₹22,000 ಆದರೆ ನಿಮಗೆ ವರ್ಷಕ್ಕೆ 30 ಆರ್ಡರ್ ಬೇಕು. ಜ್ವರ, ಲೆನ್ಸ್ ರಿಪೇರಿ, ಮಗಳ ಸ್ಕೂಲ್ ಫೀಸು ಅಂತ ಇನ್ನೈದು ಸೇರಿಸಿ. 35.

ಈ ಅಂಕಿ ಗೊತ್ತಿಲ್ಲದಿದ್ದಾಗ ಪ್ರತಿ ಫೋನ್ ಕಾಲ್‌ಗೂ ‘ಆಯ್ತು ಸಾರ್, ಬರ್ತೀವಿ’ ಅನ್ನುತ್ತೇವೆ. ಇದು ಬಿಟ್ಟರೆ ಮುಂದಿನದು ಬರುತ್ತೋ ಇಲ್ಲವೋ ಅನ್ನೋ ಭಯ. ಅಂಕಿ ಗೊತ್ತಿದ್ದರೆ 36ನೇ ಫೋನ್ ಬಂದಾಗ ಅರ್ಧ ನಿಮಿಷ ಯೋಚನೆ ಮಾಡುವ ಧೈರ್ಯ ಬರುತ್ತೆ.

ನಿಮಗೆ ಇನ್ನೂ ವರ್ಷಕ್ಕೆ ಹದಿನೆಂಟೇ ಆರ್ಡರ್ ಆಗುತ್ತಿದ್ದರೆ? ಆಗ ಯಾವುದನ್ನೂ ಬಿಡಬೇಡಿ. ಬಡತನದಲ್ಲಿ ಕಲೆ ಚೆನ್ನಾಗಿ ಅರಳುತ್ತೆ ಅನ್ನೋದು ಕಂತು ಕಟ್ಟಿ ಗೊತ್ತಿಲ್ಲದವರ ಮಾತು. ಸಂಪಾದನೆ ಒಂದು ಹದಕ್ಕೆ ಬರುವ ತನಕ ಮುಂದೆ ಹೇಳುವ ಖಾಲಿ ತಿಂಗಳುಗಳನ್ನಷ್ಟೇ ಇಟ್ಟುಕೊಳ್ಳಿ, ಸಾಕು.

ಹಾಗೇ ಒಂದು ಮಾತು. ಜಿಎಸ್‌ಟಿ ಲೆಕ್ಕಕ್ಕೆ ಬರೋದು ಕೈಗೆ ಉಳಿದ ದುಡ್ಡಲ್ಲ, ಒಟ್ಟು ವಹಿವಾಟು. ಅದು ವರ್ಷಕ್ಕೆ ₹20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ವಿಡಿಯೋದವರ ದುಡ್ಡೂ ನಿಮ್ಮ ಬಿಲ್ಲಿನಲ್ಲೇ ಹೋಗುತ್ತಿದ್ದರೆ ನೀವು ಅಂದುಕೊಂಡದ್ದಕ್ಕಿಂತ ಬೇಗ ಆ ಗೆರೆ ಹತ್ತಿರ ಬರುತ್ತೀರಿ.

ಪಂಚಾಂಗ ತೆಗೆದು ಖಾಲಿ ದಿನ ಗುರುತು ಹಾಕಿ

ಊರಿನ ಪುರೋಹಿತರ ಹತ್ತಿರ ಇರುವಷ್ಟೇ ಹಳೆಯ ಪಂಚಾಂಗ ನಮ್ಮ ಕಸುಬಿನವರ ಹತ್ತಿರವೂ ಇರುತ್ತೆ. ಆದರೆ ನಾವು ಅದರಲ್ಲಿ ಮುಹೂರ್ತ ಇರುವ ದಿನವನ್ನಷ್ಟೇ ಹುಡುಕುತ್ತೇವೆ. ಈ ಸಲ ಮುಹೂರ್ತ ಇಲ್ಲದ ದಿನ ಹುಡುಕಿ.

ಆಷಾಢ ಮಾಸ, ಹೆಚ್ಚುಕಮ್ಮಿ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ. ಪಿತೃಪಕ್ಷದ ಹದಿನೈದು ದಿನ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಇವು ಪ್ರತಿ ವರ್ಷ ಬರುತ್ತವೆ. ಇದರ ಮೇಲೆ ಗುರು ಅಸ್ತ, ಶುಕ್ರ ಅಸ್ತದ ದಿನಗಳು. ಅಧಿಕ ಮಾಸ ಬಂದ ವರ್ಷವಂತೂ ಕೇಳೋದೇ ಬೇಡ. 2023ರಲ್ಲಿ ಶ್ರಾವಣ ಅಧಿಕವಾಗಿತ್ತು. ಆಷಾಢವೂ ಸೇರಿ ಎರಡು ತಿಂಗಳು ಛತ್ರಗಳೇ ಬಿಕೋ ಅನ್ನುತ್ತಿದ್ದವು. ನಮ್ಮವರೆಲ್ಲ ‘ಬಿಸಿನೆಸ್ ಇಲ್ಲ ಮಾರಾಯ’ ಅಂತ ಟೀ ಅಂಗಡಿ ಮುಂದೆ ಕೂತಿದ್ದೆವು. ಆ ಎರಡು ತಿಂಗಳಲ್ಲಿ ಒಂದು ಫೋಟೋನೂ ತೆಗೆಯದೆ ಕೂತವರಲ್ಲಿ ನಾನೂ ಒಬ್ಬ ಅಂತ ಆಮೇಲೆ ಹೊಳೆಯಿತು.

ಈ ಖಾಲಿ ತಿಂಗಳುಗಳಲ್ಲಿ ನಮ್ಮ ಕಡೆ ಹೊರಗೆ ಏನು ನಡೆಯುತ್ತೆ ನೋಡಿ. ಆಷಾಢದಲ್ಲಿ ಮಲೆನಾಡಿಗೆ ಮಳೆ ಹಿಡಿದುಕೊಂಡಿರುತ್ತೆ. ಗದ್ದೆಯಲ್ಲಿ ನಾಟಿ, ಕಂಬಳಿ ಕೊಪ್ಪೆ ಹಾಕಿದ ಜನ, ತುಂಬಿದ ಹೇಮಾವತಿ. ಧನುರ್ಮಾಸದಲ್ಲಿ ಬೆಳಗಿನ ಮಂಜು, ಅರೇಬಿಕಾ ಕೊಯ್ಲು, ಕಾಫಿ ಕಣ. ಬೇರೆ ಕಸುಬಿನವರಿಗೆ ರಜೆ ಹಾಕಿ ಬಂದು ನೋಡಬೇಕಾದದ್ದು ನಮಗೆ ಬಿಡುವಿನಲ್ಲೇ ಸಿಗುತ್ತೆ.

ಸಿಗದೇ ಇರೋದು ಕಾಫಿ ಹೂವು. ಮಾರ್ಚ್-ಏಪ್ರಿಲ್ ಸುಮಾರಿಗೆ ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಎರಡು ಮೂರು ದಿನ ಇರುತ್ತೆ, ಅಷ್ಟೇ. ಸರಿಯಾಗಿ ಅದೇ ಹೊತ್ತಿಗೆ ಮದುವೆ ಸೀಸನ್ನೂ ಜೋರು. ಇದಕ್ಕೆ ನಾನು ತಾರೀಖು ಹಾಕಲ್ಲ. ಮಳೆ ಬಿದ್ದ ದಿನವನ್ನು ಡೈರಿಯಲ್ಲಿ ಬರೆಯುತ್ತೇನೆ. ಅಲ್ಲಿಂದ ಎಂಟು ದಿನ ಎಣಿಸಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತೇನೆ. ಆ ದಿನ ಸಂಜೆ ಆರತಕ್ಷತೆ ಇದ್ದರೂ ಬೆಳಗ್ಗೆ ಆರರಿಂದ ಎಂಟರವರೆಗೆ ತೋಟಕ್ಕೆ ಹೋಗಿ ಬರಬಹುದು. ಬೆಳಗ್ಗೆಯೇ ಧಾರೆ ಇದ್ದರೆ ಆ ವರ್ಷದ ಹೂವು ಹೋಯ್ತು. ನನಗೆ ಎರಡು ವರ್ಷ ಹಾಗೆ ಹೋಗಿದೆ.

ನಿಮ್ಮ ದಿನವನ್ನು ಡೈರಿಯಲ್ಲೇ ಬುಕ್ ಮಾಡಿ

ಆರ್ಡರ್ ಬರೆಯುವ ಅದೇ ಡೈರಿ, ಅದೇ ಪೆನ್ನು. ಮೊಬೈಲ್‌ನಲ್ಲಿ ಬೇರೆ ಎಲ್ಲೋ ಬರೆದಿಟ್ಟರೆ ಅಸಿಸ್ಟೆಂಟ್ ಹುಡುಗ ಅದನ್ನು ನೋಡಲ್ಲ, ಆ ದಿನಕ್ಕೆ ಅಡ್ವಾನ್ಸ್ ತಗೊಂಡುಬಿಡುತ್ತಾನೆ. ‘ಡಿಸೆಂಬರ್ 28, ಕಣ, ಬುಕ್ಡ್’ ಅಂತ ನಾನು ಬರೆಯುತ್ತೇನೆ. ವರ್ಷಕ್ಕೆ ಹನ್ನೆರಡು ದಿನ. ಒಂದು ತಿಂಗಳಿಗೆ ಒಂದು ಅಂತ ಹಂಚಲ್ಲ, ಖಾಲಿ ತಿಂಗಳುಗಳಲ್ಲೇ ಒಟ್ಟಿಗೆ ಹಾಕುತ್ತೇನೆ. ಒಂದೊಂದೇ ದಿನ ಹೋಗಿ ಬಂದರೆ ಏನೂ ಕೂಡಿ ಬರಲ್ಲ. ಮೂರು ದಿನ ಸತತವಾಗಿ ಹೋದರೆ ಮೂರನೇ ದಿನ ಜನ ನಿಮ್ಮನ್ನು ಮರೆಯುತ್ತಾರೆ. ಕೆಲಸ ಶುರುವಾಗೋದು ಆಗಲೇ.

ಆ ದಿನಕ್ಕೆ ಯಾರಾದರೂ ಫೋನ್ ಮಾಡಿದರೆ ‘ಬೇರೆ ಕೆಲಸ ಒಪ್ಪಿಕೊಂಡಿದ್ದೀನಿ ಸಾರ್’ ಅನ್ನಿ. ಸುಳ್ಳೇನಲ್ಲವಲ್ಲ. ನನ್ನ ಸ್ವಂತ ಫೋಟೋ ತೆಗೆಯೋಕಿದೆ ಅಂತ ಮಾತ್ರ ಹೇಳಬೇಡಿ. ನಾನೊಮ್ಮೆ ಹೇಳಿ ನೋಡಿದ್ದೇನೆ. ‘ಹೌದಾ, ಹಾಗಾದ್ರೆ ಫ್ರೀ ಇದ್ದೀರಾ’ ಅಂದರು.

ಮನೆಯಲ್ಲಿ ಹೇಳೋದು ಇನ್ನೂ ಕಷ್ಟ. ನನ್ನ ಹೆಂಡತಿ ಒಂದು ದಿನ, ‘ದುಡ್ಡು ಬರದ ಕೆಲಸಕ್ಕೆ ಐದಕ್ಕೆ ಏಳ್ತೀರಿ, ಹಾಲು ತರೋಕೆ ಏಳಕ್ಕೂ ಏಳಲ್ಲ’ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹನ್ನೆರಡು ದಿನ ಯಾವುವು ಅಂತ ಮೊದಲೇ ತೋರಿಸಿ, ಅದರಾಚೆ ಒಂದು ದಿನವೂ ಕೇಳಲ್ಲ ಅಂತ ಒಪ್ಪಂದ ಮಾಡಿಕೊಂಡ ಮೇಲೆ ಜಗಳ ಕಮ್ಮಿಯಾಗಿದೆ. ಹಾಲನ್ನೂ ತರುತ್ತೇನೆ.

ವಿಷಯ ಹತ್ತಿರದ್ದಿರಲಿ, ಚಿಕ್ಕದಿರಲಿ

ನಮ್ಮಲ್ಲಿ ಬಹಳ ಜನ ಎಡವೋದು ಇಲ್ಲೇ. ಸ್ವಂತ ಕೆಲಸ ಅಂದ ಕೂಡಲೇ ಲಡಾಖ್, ವಾರಾಣಸಿ ಅಂತ ಶುರು ಮಾಡುತ್ತಾರೆ. ಇಲ್ಲ ಮುಳ್ಳಯ್ಯನಗಿರಿ ಸೂರ್ಯೋದಯ, ಶೆಟ್ಟಿಹಳ್ಳಿ ಚರ್ಚು. ಗೊರೂರು ಅಣೆಕಟ್ಟಿನ ನೀರು ಏರಿದಾಗ ಮುಳುಗಿ, ಇಳಿದಾಗ ಕಾಣುವ ಆ ಪಾಳು ಚರ್ಚು ಚೆಂದವೇ. ಆದರೆ ಪ್ರೀ-ವೆಡ್ಡಿಂಗ್‌ಗೆ ಅಂತ ನಾನೇ ಅಲ್ಲಿಗೆ ಎಷ್ಟು ಜೋಡಿಗಳನ್ನು ಕರೆದುಕೊಂಡು ಹೋಗಿದ್ದೀನೋ ಲೆಕ್ಕವಿಲ್ಲ. ಅಲ್ಲಿ ನನ್ನ ಕಣ್ಣಿಗೆ ಹೊಸದು ಏನೂ ಬೀಳಲ್ಲ. ನಿಮಗೆ ಬಿದ್ದರೆ ಹೋಗಿ, ನನ್ನದೇನೂ ತಕರಾರಿಲ್ಲ.

ಮೂಡಿಗೆರೆಯಲ್ಲಿ ಇದ್ದುಕೊಂಡೇ ತೇಜಸ್ವಿಯವರು ಕಾಫಿ ಬೆಳೆದರು, ಬರೆದರು, ಹಕ್ಕಿಗಳ ಫೋಟೋ ತೆಗೆದರು. ತೋಟದ ಸುತ್ತಮುತ್ತಲ ಹಕ್ಕಿಗಳ ಹಿಂದೆ ವರ್ಷಗಟ್ಟಲೆ ಬಿದ್ದರು. ದಿನಾ ಕಾಣುವ ಜಾಗವಾದ್ದರಿಂದ ಯಾವ ಹಕ್ಕಿ ಯಾವ ಕೊಂಬೆಗೆ ಬರುತ್ತೆ ಅನ್ನೋದು ತಿಳಿಯೋಕೆ ಸಾಧ್ಯ. ನಮಗೂ ಅದೇ ಅನುಕೂಲ ಇದೆ.

ವಿಷಯ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಸ್ಟುಡಿಯೋದಿಂದ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಟ್ಟಬಹುದಾ? ನಿಮ್ಮ ಖಾಲಿ ತಿಂಗಳಲ್ಲಿ ಅದು ನಡೆಯುತ್ತಾ? ಅಲ್ಲಿ ನಿಮ್ಮನ್ನು ಒಳಗೆ ಬಿಡುವವರು ಒಬ್ಬರಾದರೂ ಇದ್ದಾರಾ? ಹಾಸನದ ಕಡೆಯವರಾದರೆ ಆಲೂಗೆಡ್ಡೆ ಹೊಲ ಇದೆ. ಅರಸೀಕೆರೆಯಲ್ಲಿ ತೆಂಗು, ಕೊಬ್ಬರಿ. ಹಳೆಯ ಕ್ಷೌರದಂಗಡಿ, ಬೀಗ ಬಿದ್ದ ಟಾಕೀಸು, ನಿಮ್ಮದೇ ಬೀದಿಯ ಟೈಲರ್ ಆದರೂ ಆಗುತ್ತೆ.

ನನ್ನದು ಕಾಫಿ ಕೊಯ್ಲಿನ ಸಂಜೆ. ಆಲ್ದೂರು ಕಡೆಯ ಒಂದು ತೋಟ. ಅಲ್ಲಿ ಲೆಕ್ಕ ಬರೆಯುವ ರೈಟರ್ ಮಗಳ ಮದುವೆ ಫೋಟೋ ನಾನೇ ತೆಗೆದದ್ದು, ಹಾಗಾಗಿ ಒಳಗೆ ಬಿಟ್ಟರು. ಮೊದಲು ನಾನೂ ಎಲ್ಲರ ಹಾಗೆ ಗಿಡದ ಹತ್ತಿರ ಹೋದೆ. ಕೆಂಪು ಹಣ್ಣು, ಕೊಯ್ಯುವ ಕೈ, ಬುಟ್ಟಿ. ಎರಡು ದಿನ ತೆಗೆದು ಮನೆಗೆ ಬಂದು ನೋಡಿದರೆ ಯಾವುದೋ ಕಾಫಿ ಪುಡಿ ಪ್ಯಾಕೆಟ್ಟಿನ ಮೇಲಿನ ಚಿತ್ರದ ಹಾಗಿದ್ದವು. ಅದೇನೂ ಆಶ್ಚರ್ಯವಲ್ಲ. ಪ್ಯಾಕೆಟ್ಟಿಗೆ ಅಂಥ ಫೋಟೋ ತೆಗೆದುಕೊಟ್ಟವನೂ ನಾನೇ ಅಲ್ವಾ.

ಮೂರನೇ ದಿನ ಸಾಯಂಕಾಲ ಸುಸ್ತಾಗಿ ಕಣದ ಕಟ್ಟೆ ಮೇಲೆ ಕೂತಿದ್ದೆ. ನಾಲ್ಕು ಗಂಟೆ ಇರಬಹುದು. ತೋಟದಿಂದ ಒಬ್ಬೊಬ್ಬರೇ ಚೀಲ ಹೊತ್ತು ಬಂದರು. ಚೀಲ ಸುರಿದು, ಎಲೆ ಮತ್ತು ಹಸಿರು ಕಾಯಿ ಆರಿಸಿ ಆಚೆ ಹಾಕಿದರು. ಬೆರಳೆಲ್ಲ ಕಾಫಿ ಕಲೆ ಹಿಡಿದು ಕಪ್ಪಗಾಗಿತ್ತು. ಸೊಂಟಕ್ಕೆ ಗೊಬ್ಬರದ ಚೀಲವನ್ನೇ ಕಟ್ಟಿಕೊಂಡಿದ್ದರು. ಆಮೇಲೆ ಮತ್ತೆ ತುಂಬಿ ತಕ್ಕಡಿ ಕೊಕ್ಕೆಗೆ ಸಿಕ್ಕಿಸಿದರು. ರೈಟರ್ ಹೆಸರು ಕೂಗಿ ಕಿಲೋ ಓದಿದರು. ಆ ಒಂದು ಕ್ಷಣ, ಚೀಲ ತೂಗಾಡೋದು ನಿಂತು ಮುಳ್ಳು ನಿಲ್ಲುವ ತನಕ, ಅಲ್ಲಿದ್ದ ಹದಿನೈದು ಜನರೂ ಮುಳ್ಳನ್ನೇ ನೋಡುತ್ತಿದ್ದರು. ಯಾರೂ ಕ್ಯಾಮೆರಾ ನೋಡಲಿಲ್ಲ. ಹದಿನೈದು ವರ್ಷದಲ್ಲಿ ನನಗೆ ಹಾಗೆ ಆದದ್ದೇ ಇಲ್ಲ. ಮದುವೆಮನೆಯಲ್ಲಿ ಕ್ಯಾಮೆರಾ ಎತ್ತಿದರೆ ಸಾಕು, ಸೀರೆ ಸರಿ ಮಾಡಿಕೊಳ್ಳುತ್ತಾರೆ.

ಒಬ್ಬರು ಅಜ್ಜಿ ಮಾತ್ರ ಕೊನೆಗೆ ನನ್ನ ಕಡೆ ತಿರುಗಿದರು.

‘ನೀನು ಮದ್ವೆ ಫೋಟೋದವ್ನಲ್ವಾ? ಇಲ್ಲಿ ಯಾರ್ ಮದ್ವೆ?’

‘ಸುಮ್ನೆ ಬಂದೆ ಅಜ್ಜಿ.’

‘ಸುಮ್ನೆ ಯಾರಾದ್ರೂ ಬರ್ತಾರಾ’ ಅಂತ ನಕ್ಕು ಚೀಲ ಕೊಡವಿದರು.

ಆವತ್ತಿನಿಂದ ನಾನು ಕಾಫಿಯ ಫೋಟೋ ತೆಗೆಯುತ್ತಿಲ್ಲ, ತೂಕದ ಫೋಟೋ ತೆಗೆಯುತ್ತಿದ್ದೇನೆ. ಮುಳ್ಳು ನೋಡುವ ಮುಖಗಳು, ಅಷ್ಟೇ. ವಿಷಯ ಇಷ್ಟು ಚಿಕ್ಕದಾದ ಮೇಲೆ ಎಷ್ಟು ಹಗುರ ಆಯ್ತು ಅಂದರೆ, ಸಂಜೆ ನಾಲ್ಕರಿಂದ ಐದೂವರೆವರೆಗೆ ಒಂದೂವರೆ ಗಂಟೆ ಸಿಕ್ಕರೂ ಕೆಲಸ ಮುಂದೆ ಸಾಗುತ್ತೆ.

ಇದರಿಂದ ಮದುವೆ ಕೆಲಸಕ್ಕೂ ಒಂದು ಲಾಭ ಆಯ್ತು. ಆಮೇಲೆ ಕಡೂರಿನಲ್ಲಿ ಒಂದು ಮದುವೆ. ಧಾರೆ ಎರೆಯುವಾಗ ಕೈಗಳನ್ನು ತೆಗೆಯೋಕೆ ನಮ್ಮ ಹುಡುಗ ನಿಂತಿದ್ದ. ನಾನು ನೋಡುವವರ ಕಡೆ ತಿರುಗಿದೆ. ಹುಡುಗಿಯ ಅಜ್ಜ ಕುರ್ಚಿಯಿಂದ ಅರ್ಧ ಎದ್ದು, ಪೂರ್ತಿ ಏಳೋಕೂ ಆಗದೆ ಕೂರೋಕೂ ಆಗದೆ ಹಾಗೇ ನಿಂತಿದ್ದರು. ಆಲ್ಬಂ ಆರಿಸುವಾಗ ಮನೆಯವರು ಮೊದಲು ತೆಗೆದಿಟ್ಟದ್ದು ಅದನ್ನೇ.

ಬಾಕಿ ಆಲ್ಬಂ ಮೊದಲು ಖಾಲಿ ಮಾಡಿ

ನಿಮ್ಮ ಹೊತ್ತನ್ನೆಲ್ಲ ತಿನ್ನೋದು ಶೂಟಿಂಗ್ ಅಲ್ಲ, ಬಾಕಿ ಡೆಲಿವರಿ. ಆಷಾಢ ಬಂದರೂ ಏಪ್ರಿಲ್ ಮದುವೆಯ ಆಲ್ಬಂ ಕಂಪ್ಯೂಟರಿನಲ್ಲೇ ಕೂತಿದ್ದರೆ ನೀವು ಎಲ್ಲಿಗೂ ಹೋಗಲ್ಲ. ಹೋದರೂ ಫೋನ್ ಬಂದಾಗಲೆಲ್ಲ ಎದೆ ಧಸಕ್ ಅನ್ನುತ್ತೆ.

ಆಲ್ಬಂ ಡಿಸೈನ್ ಹೊರಗೆ ಕೊಡಿ. ಶೀಟ್ ಲೆಕ್ಕದಲ್ಲಿ ಮಾಡಿಕೊಡುವ ಹುಡುಗರು ಈಗ ಎಲ್ಲ ಊರಿನಲ್ಲೂ ಇದ್ದಾರೆ. ಫೋಟೋ ಆರಿಸೋದು ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಪಾರ್ಟಿಯವರು ಫೋಟೋ ಆರಿಸಿ ಕೊಡದೆ ಆರು ತಿಂಗಳು ಎಳೆದರೆ ಏನು ಮಾಡೋದು? ‘ಮದುವೆಯಾಗಿ 45 ದಿನದೊಳಗೆ ಆರಿಸಿ ಕೊಡಬೇಕು, ಇಲ್ಲದಿದ್ದರೆ ನಾವೇ ಆರಿಸಿ ಪ್ರಿಂಟಿಗೆ ಕಳಿಸುತ್ತೇವೆ’ ಅಂತ ಅಡ್ವಾನ್ಸ್ ರಸೀದಿಯಲ್ಲೇ ಒಂದು ಸಾಲು ಹಾಕಿಸಿ. ನಾನು ಹಾಕಿಸಿದ ಮೇಲೆ ಒಬ್ಬರೂ ಜಗಳ ಮಾಡಿಲ್ಲ. ಎಲ್ಲರೂ ನಲವತ್ತನಾಲ್ಕನೇ ದಿನ ಫೋನ್ ಮಾಡುತ್ತಾರೆ, ಅಷ್ಟೇ.

ಮದುವೆ ಮುಗಿದ ಮರುದಿನ ಮಾತ್ರ ಸ್ವಂತ ಕೆಲಸ ಇಟ್ಟುಕೊಳ್ಳಬೇಡಿ. ಮಲಗಿ.

ಒಂದು ಬಾಡಿ, ಒಂದು ಲೆನ್ಸ್, ಬೇರೆ ಕಾರ್ಡ್

ಮದುವೆ ಬ್ಯಾಗ್ ಹಾಗೇ ಎತ್ತಿಕೊಂಡು ಹೋದರೆ ಮದುವೆ ಫೋಟೋನೇ ಬರುತ್ತೆ. 35 ಎಂಎಂ ಅಥವಾ 50 ಎಂಎಂ, ಯಾವುದೋ ಒಂದು ತಗೊಳ್ಳಿ. ಫ್ಲ್ಯಾಶ್ ಸ್ಟುಡಿಯೋದಲ್ಲೇ ಇರಲಿ. ಸ್ವಂತ ಕೆಲಸಕ್ಕೆ ಬೇರೆ ಬಣ್ಣದ ಎರಡು ಮೆಮೊರಿ ಕಾರ್ಡ್ ಇಡಿ, ಬೇರೆ ಹಾರ್ಡ್ ಡಿಸ್ಕ್ ಇಡಿ. ಜಿಪುಣತನಕ್ಕೆ ನಾನೊಮ್ಮೆ ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟಿದ್ದೆ. ಜಾಗ ಸಾಲದೆ ಬಂದಾಗ ಹುಡುಗ ಯಾವುದನ್ನು ಅಳಿಸಿರಬೇಕು ಹೇಳಿ? ದುಡ್ಡು ಕೊಟ್ಟವರದ್ದನ್ನಂತೂ ಅಲ್ಲ. ಈಗ ಪ್ರತಿಯೊಂದಕ್ಕೂ ಮೂರು ಕಾಪಿ, ಎರಡು ಬೇರೆ ಬೇರೆ ಡಿಸ್ಕ್, ಅದರಲ್ಲಿ ಒಂದು ಸ್ಟುಡಿಯೋದಿಂದ ಆಚೆ, ಅತ್ತೆ ಮನೆಯಲ್ಲಿ.

ಇನ್ನು ಮಲೆನಾಡಿನವರಿಗೆ ಫಂಗಸ್ ಕಾಟ. ಬೇರೆ ಕಡೆಯವರು ಇದನ್ನು ಓದಿ ಬಿಟ್ಟುಬಿಡಬಹುದು, ನಾವು ಬಿಡೋ ಹಾಗಿಲ್ಲ. ಜೂನ್‌ನಲ್ಲಿ ಕೆಲಸ ಇಲ್ಲ ಅಂತ ಒಂದು ಒಳ್ಳೆ ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟೆ. ಸೆಪ್ಟೆಂಬರ್‌ನಲ್ಲಿ ತೆಗೆದು ಬೆಳಕಿಗೆ ಹಿಡಿದರೆ ಗಾಜಿನೊಳಗೆ ಜೇಡರ ಬಲೆ ಹಾಗೆ ಬೆಳೆದಿತ್ತು. ಬೆಂಗಳೂರಿಗೆ ಕಳಿಸಿ ಬಿಚ್ಚಿಸಿ ತೊಳೆಸಿದೆ. ಹಳೆಯ ಚೂಪು ಮತ್ತೆ ಬರಲಿಲ್ಲ. ಚರ್ಮದ ಚೀಲ ತೇವ ಹಿಡಿದಿಟ್ಟುಕೊಳ್ಳುತ್ತೆ, ಬೀರುವಿನಲ್ಲಿ ಗಾಳಿ ಆಡಲ್ಲ. ಎರಡೂ ಸೇರಿದರೆ ಫಂಗಸ್‌ಗೆ ಹಬ್ಬ.

ತೇವ ಹೀರುವ ಡ್ರೈ ಕ್ಯಾಬಿನೆಟ್ ತರುವಷ್ಟು ದುಡ್ಡಿದ್ದರೆ ತನ್ನಿ. ಇಲ್ಲದಿದ್ದರೆ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವ ತೋರಿಸುವ ಒಂದು ಚಿಕ್ಕ ಮೀಟರ್ ಸಾಕು. ಮೀಟರ್ 40ರಿಂದ 50ರ ಒಳಗೆ ಇರಬೇಕು. ಜೆಲ್ ತೇವ ಕುಡಿದು ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಆದರೆ ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತೆ, ಅದು ವಿಷ. ಕಿತ್ತಳೆ ಬಣ್ಣದ್ದು ಕೇಳಿ ತಗೊಳ್ಳಿ, ಅದಕ್ಕೂ ಬೇರೆ ಹಳೇ ಪಾತ್ರೆ ಇಡಿ. ಎಲ್ಲಕ್ಕಿಂತ ಒಳ್ಳೆ ಮದ್ದು ಅಂದರೆ ಆಷಾಢದಲ್ಲೂ ಲೆನ್ಸನ್ನು ಆಚೆ ತೆಗೆದು ಬಳಸೋದು. ಬಳಕೆಯಲ್ಲಿರುವ ಲೆನ್ಸಿಗೆ ಫಂಗಸ್ ಬರೋದು ಕಮ್ಮಿ.

ಯಾವ ಫೋಟೋ ಯಾರದ್ದು ಅಂತ ಬರೆಸಿಕೊಳ್ಳಿ

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಂದು ರೆಸಾರ್ಟಿಗೆ ರೂಮು, ಊಟ, ಈಜುಕೊಳ ಅಂತ ಒಂದು ದಿನದ ಶೂಟ್ ಮಾಡಿದೆ. ಮರುದಿನ ಬೆಳಗ್ಗೆ ನಿದ್ದೆ ಬರದೆ ಎದ್ದು, ಮಂಜಿನಲ್ಲಿ ಸಿಲ್ವರ್ ಓಕ್ ಮರಗಳ ನಾಲ್ಕು ಫೋಟೋ ನನಗೆ ಅಂತ ತೆಗೆದುಕೊಂಡೆ. ಎಲ್ಲ ಒಂದೇ ಫೋಲ್ಡರಿನಲ್ಲಿ ಹೋಯ್ತು. ಆರು ತಿಂಗಳ ನಂತರ ಹೆದ್ದಾರಿ ಪಕ್ಕ ದೊಡ್ಡ ಬೋರ್ಡಿನಲ್ಲಿ ನನ್ನ ಸಿಲ್ವರ್ ಓಕ್. ಕೇಳಿದರೆ ‘ನೀವೇ ಕೊಟ್ಟಿದ್ದಲ್ವಾ’ ಅಂದರು. ಅವರ ಮೇಲೆ ಸಿಟ್ಟು ಬಂತು. ಆಮೇಲೆ ಕಾನೂನು ಓದಿದಾಗ ನನ್ನ ಮೇಲೇ ಬಂತು.

1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹೇಳಿ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕಿನ ಮೊದಲ ಒಡೆಯ ದುಡ್ಡು ಕೊಟ್ಟವರು. ಬೇರೆ ರೀತಿ ಒಪ್ಪಂದ ಇದ್ದರೆ ಮಾತ್ರ ಅದು ಬದಲಾಗುತ್ತೆ. ತೆಗೆದವನದ್ದೇ ಹಕ್ಕು ಅಂತ ನಮ್ಮಲ್ಲಿ ಬಹಳ ಜನ ತಿಳಿದುಕೊಂಡಿದ್ದಾರೆ. ಯಾರೂ ದುಡ್ಡು ಕೊಡದೆ ನಿಮಗಾಗಿ ತೆಗೆದದ್ದು ನಿಮ್ಮದೇ. 2012ರ ತಿದ್ದುಪಡಿಯಾದ ಮೇಲೆ ಫೋಟೋಗೂ ಈ ಹಕ್ಕು ನಿಮ್ಮ ಜೀವಮಾನ ಪೂರ್ತಿ, ಆಮೇಲೆ ಇನ್ನೂ 60 ವರ್ಷ ಇರುತ್ತೆ. ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ ಅದು. ತೊಂದರೆ ಬರೋದು ಎರಡರ ನಡುವಿನದ್ದಕ್ಕೆ, ಅಂದರೆ ಆರ್ಡರ್‌ಗೆ ಅಂತ ಹೋದಾಗ ನಿಮಗೆ ಅಂತ ತೆಗೆದುಕೊಂಡದ್ದಕ್ಕೆ.

ಹೋಂಸ್ಟೇ, ರೆಸಾರ್ಟ್, ಕಾಫಿ ಕಂಪನಿಯ ಕೊಟೇಶನ್ನಿನಲ್ಲಿ ಈಗ ನಾನು ಇಷ್ಟು ಹಾಕುತ್ತೇನೆ: ‘ಪಟ್ಟಿಯಲ್ಲಿ ಹೇಳಿದ ಫೋಟೋಗಳನ್ನು ತಮ್ಮ ಪ್ರಚಾರಕ್ಕೆ ಬಳಸಬಹುದು. ಪಟ್ಟಿಯಲ್ಲಿ ಇಲ್ಲದ, ಫೋಟೋಗ್ರಾಫರ್ ತನಗಾಗಿ ತೆಗೆದ ಫೋಟೋಗಳ ಹಕ್ಕು ಫೋಟೋಗ್ರಾಫರಿಗೆ ಸೇರಿದ್ದು.’ ಇಬ್ಬರ ಸಹಿ, ತಾರೀಖು. ದೊಡ್ಡ ಮೊತ್ತದ ಕೆಲಸವಾದರೆ ವಕೀಲರಿಗೆ ತೋರಿಸಿ. ನಿಮ್ಮದೇ ಫೋಟೋಗಳನ್ನು ಅವರಿಗೆ ಕೊಡುವ ಫೋಲ್ಡರಿಗೆ ಹಾಕಲೇಬೇಡಿ.

ಇದೇ ನ್ಯಾಯ ತಿರುಗಿಯೂ ನಡೆಯಬೇಕು. ಪಾರ್ಟಿಯವರ ಮದುವೆಯಲ್ಲಿ ತೆಗೆದ ಚೆಂದದ ಫೋಟೋವನ್ನು ಕೇಳದೆ ನಿಮ್ಮ ಕಲಾಕೃತಿ ಅಂತ ಪ್ರದರ್ಶನಕ್ಕೆ ಇಡಬೇಡಿ. ಆ ಅಜ್ಜನ ಫೋಟೋಗೆ ನಾನು ಮನೆಗೇ ಹೋಗಿ ಕೇಳಿದೆ. ಕಾಫಿ ಕೊಟ್ಟು, ಆಗಲ್ಲ ಅಂದರು. ಇಟ್ಟಿಲ್ಲ.

ಕೇಳಿ ಒಳಗೆ ಹೋಗಿ

ಬೇಲೂರು, ಹಳೇಬೀಡಿನ ದೇವಸ್ಥಾನಗಳು ಪುರಾತತ್ವ ಇಲಾಖೆಯ ಕೈಯಲ್ಲಿವೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ. ಕೈಯಲ್ಲಿ ಕ್ಯಾಮೆರಾ ಹಿಡಿದು ನಿಮಗಾಗಿ ತೆಗೆದುಕೊಳ್ಳೋಕೆ ತೊಂದರೆ ಇಲ್ಲ. ಟ್ರೈಪಾಡ್ ಇಡಬೇಕಾದರೆ, ದುಡ್ಡಿನ ಕೆಲಸಕ್ಕೆ ತೆಗೆಯಬೇಕಾದರೆ ಮೊದಲೇ ಅನುಮತಿ ಬೇಕು. ಭದ್ರಾ ಅರಣ್ಯದೊಳಗೆ ಅರಣ್ಯ ಇಲಾಖೆಯನ್ನು ಕೇಳದೆ ಕಾಲಿಡಬೇಡಿ, ಡ್ರೋನ್ ಅಂತೂ ಎತ್ತಲೇಬೇಡಿ.

ತೋಟಕ್ಕೆ ಹೋಗುವಾಗ ಮಾಲೀಕರ ಒಪ್ಪಿಗೆ ಇದ್ದರೆ ಸಾಲದು. ಕೆಲಸದವರನ್ನೂ ಕೇಳಿ. ಅಸ್ಸಾಂ ಕಡೆಯಿಂದ ಬಂದವರೂ ಈಗ ಬಹಳ ಇದ್ದಾರೆ, ಅವರಿಗೆ ಕನ್ನಡ ಬರಲ್ಲ. ಕ್ಯಾಮೆರಾ ತೋರಿಸಿ, ಕೈ ಸನ್ನೆ ಮಾಡಿ, ತಲೆ ಅಲ್ಲಾಡಿಸಿದರೆ ಮಾತ್ರ ತೆಗೆಯಿರಿ. ಬೇಡ ಅಂದವರ ಹಿಂದೆ ಬೀಳಬೇಡಿ.

ಒಂದು ಗಡುವು ಇಟ್ಟುಕೊಳ್ಳಿ

ಮದುವೆ ಆಲ್ಬಂ ಯಾಕೆ ಮುಗಿಯುತ್ತೆ? ಕೇಳುವವರು ಇರುತ್ತಾರೆ, ಅದಕ್ಕೆ. ಸ್ವಂತ ಕೆಲಸಕ್ಕೆ ಕೇಳುವವರೇ ಇಲ್ಲ. ಹಾಗಾಗಿ ಕೇಳುವ ಒಂದು ದಿನ ಗೊತ್ತು ಮಾಡಿ. ನಾನು ಆಗಸ್ಟ್ 19 ಇಟ್ಟುಕೊಂಡಿದ್ದೇನೆ, ವಿಶ್ವ ಛಾಯಾಗ್ರಹಣ ದಿನ. ಡಾಗೇರ್ ಕಂಡುಹಿಡಿದ ಫೋಟೋ ತೆಗೆಯುವ ವಿಧಾನವನ್ನು ಫ್ರಾನ್ಸ್ ಸರ್ಕಾರ 1839ರ ಆ ದಿನ ಲೋಕಕ್ಕೆಲ್ಲ ಬಿಟ್ಟುಕೊಟ್ಟಿತು. ನಮ್ಮ ಕಡೆ ಫೋಟೋಗ್ರಾಫರುಗಳ ಸಂಘದವರು ಅವತ್ತು ಹಾರ, ಸನ್ಮಾನ, ಊಟ ಅಂತ ಸೇರುತ್ತಾರೆ. ಆಷಾಢದ ಬಿಡುವು ಮುಗಿದ ಸ್ವಲ್ಪ ದಿನಕ್ಕೇ ಬರುತ್ತೆ. ಆರಿಸೋಕೆ, ಪ್ರಿಂಟ್ ಹಾಕಿಸೋಕೆ ಸರಿಯಾಗಿ ಹೊತ್ತು ಸಿಗುತ್ತೆ.

ಹನ್ನೆರಡು ಫೋಟೋ, 12 ಇಂಚು 18 ಇಂಚಿನ ಪ್ರಿಂಟು. ಸ್ಟುಡಿಯೋದ ಒಂದು ಗೋಡೆಯಲ್ಲಿದ್ದ ಮದುವೆ ಫ್ರೇಮುಗಳನ್ನು ಇಳಿಸಿ ಇವನ್ನು ಹಾಕುತ್ತೇನೆ, ಒಂದು ತಿಂಗಳು. ಪಾಸ್‌ಪೋರ್ಟ್ ಫೋಟೋಗೆ ಬಂದವರು ಕಾಯುವಾಗ ಸುಮ್ಮನೆ ನೋಡುತ್ತಾರೆ. ಯಾವುದರ ಮುಂದೆ ನಿಲ್ಲುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ ಅನ್ನೋದನ್ನು ನಾನು ಕಂಪ್ಯೂಟರ್ ಹಿಂದಿನಿಂದ ನೋಡುತ್ತೇನೆ. ಇಂಥ ವಿಮರ್ಶೆ ಮೊಬೈಲಿನ ಲೈಕ್‌ಗಳಲ್ಲಿ ಸಿಗಲ್ಲ. ಧೈರ್ಯ ಬಂದ ಮೇಲೆ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕಡೆ ಕಳಿಸಬಹುದು. 1971ರಿಂದ ನಡೆಯುತ್ತಿರುವ ಸಂಸ್ಥೆ ಅದು. ಮೊದಲ ವರ್ಷವೇ ಸ್ಪರ್ಧೆಗೆ ಅಂತ ಫೋಟೋ ತೆಗೆಯೋಕೆ ಹೋದರೆ ಮಾತ್ರ ಕಷ್ಟ. ಪಾರ್ಟಿ ಬದಲು ತೀರ್ಪುಗಾರರನ್ನು ಮೆಚ್ಚಿಸುವ ಇನ್ನೊಂದು ಆರ್ಡರ್ ಆಗಿಬಿಡುತ್ತೆ.

ಫೋಟೋ ವಾಪಸ್ ಕೊಡಿ

ಗೋಡೆಯಿಂದ ಇಳಿಸಿದ ಮೇಲೆ ಚಿಕ್ಕ ಪ್ರಿಂಟುಗಳನ್ನು ಹಾಕಿಸಿ, ಫೋಟೋದಲ್ಲಿ ಇರುವವರಿಗೆ ಕೊಡಿ. ಒಂದಕ್ಕೆ ₹10-15 ಆಗುತ್ತೆ. ಮೊಬೈಲಿಗೆ ಕಳಿಸಿದರೆ ಸಾಲಲ್ಲ, ಕೈಗೇ ಕೊಡಬೇಕು.

ನಾನು ಮೊದಲ ಸಲ ಕೊಟ್ಟಾಗ ಅಜ್ಜಿ ತಮ್ಮ ಫೋಟೋ ಹಿಡಿದು ಬಹಳ ಹೊತ್ತು ನೋಡಿದರು. ಏನು ನೋಡುತ್ತಿದ್ದಾರೆ ಅಂತ ಬಗ್ಗಿದರೆ, ಹಿಂದೆ ಅರ್ಧ ಕಾಣುವ ತಕ್ಕಡಿಯಲ್ಲಿ ಅವತ್ತು ಎಷ್ಟು ಕಿಲೋ ಆಗಿತ್ತು ಅಂತ ಹುಡುಕುತ್ತಿದ್ದರು. ರೈಟರ್ ಇನ್ನೊಂದು ಪ್ರಿಂಟ್ ತಗೊಂಡು ಆಫೀಸಿನ ಕ್ಯಾಲೆಂಡರ್ ಪಕ್ಕ ಅಂಟಿಸಿದರು.

ಕಳೆದ ನವೆಂಬರ್‌ನಲ್ಲಿ ನಾನು ಛತ್ರದಲ್ಲಿ ಲೈಟ್ ಕಟ್ಟುತ್ತಿದ್ದಾಗ ಆ ರೈಟರ್ ಫೋನ್ ಬಂತು. ‘ನಾಳೆ ಫ್ಲೈ ಪಿಕಿಂಗ್ ಶುರು ಸಾರ್, ಬರ್ತೀರಾ?’ ಮೊದಲು ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ಯೋದು ಅದು. ಡೈರಿ ತೆಗೆದು ನೋಡಿದೆ. ಬೀರೂರಿನಲ್ಲಿ ಗೃಹಪ್ರವೇಶ, ಅಡ್ವಾನ್ಸ್ ಬಂದಿತ್ತು. ‘ನಾಳೆ ಆಗಲ್ಲ, ಧನುರ್ಮಾಸದಲ್ಲಿ ಮೂರು ದಿನ ನಿಮ್ಮದೇ ಬುಕ್ ಆಗಿದೆ’ ಅಂದೆ. ಅವರು ನಕ್ಕರು. ಆಮೇಲೆ, ‘ತಕ್ಕಡಿ ಈ ಸಲ ಹೊಸದು ತಂದಿದ್ದೀವಿ, ಮುಳ್ಳಿಲ್ಲ, ನಂಬರ್ ತೋರಿಸುತ್ತೆ’ ಅಂದರು.